ಮರಿಗಳಿಗೆ ಅಪರಿಚಿತ

ಸೇನೆಯ ಶ್ವಾನದಳದಿಂದ ನಿವೃತ್ತರಾದ ಸುಬೇದಾರ್ ಮೊಣ್ಣಪ್ಪ ಈಗ ಗುರುಗ್ರಾಮದ ಆಚೆಗಿನ ಒಂದು ಪತ್ತೆನಾಯಿ ತರಬೇತಿ ಕೇಂದ್ರದಲ್ಲಿ ನಾಯಿಮರಿಗಳ ಪರೀಕ್ಷಕರು. ಆರ್.ಕೆ.ಪುರಂನಲ್ಲಿ ತಾವೊಬ್ಬರೇ ಇರುವ ಬಾಡಿಗೆ ಕೋಣೆಯಿಂದ ಬೆಳಗಿನ ಮೆಟ್ರೋ ಹಿಡಿಯಲು ಹೊರಟರೆ ಕೈಯಲ್ಲೊಂದು ಕೊಡೆ, ಚೀಲದಲ್ಲೊಂದು ಸ್ಟೀಲ್ ತಟ್ಟೆ. ಏಳು ವಾರದ ಮರಿಯ ಮುಂದೆ ಕೊಡೆಯನ್ನು ಫಟ್ಟನೆ ಬಿಚ್ಚುತ್ತಾರೆ, ತಟ್ಟೆ ಬೀಳಿಸುತ್ತಾರೆ, ಬೆಚ್ಚಿದ ಮರಿ ಎಷ್ಟು ಬೇಗ ಸುಧಾರಿಸಿಕೊಂಡಿತೆಂದು ಬರೆದುಕೊಳ್ಳುತ್ತಾರೆ. "ಅರ್ಧ ಅಂಜಿಕೆ ರಕ್ತದಲ್ಲೇ ಬರುತ್ತೆ, ಮಿಕ್ಕರ್ಧ ನಾವು ಕಲಿಸ್ತೀವಿ" ಎಂಬುದು ದಿನಕ್ಕೆ ಹತ್ತು ಸಲ ಆಡುವ ಮಾತು. ಮೆಟ್ರೋದಲ್ಲಿ ಯಾರದೋ ಫೋನು ಕೆಳಗೆ ಬಿದ್ದರೂ ಸಾಕು, ಬೆಚ್ಚಿದವರಿಗೆಲ್ಲ ಮನಸ್ಸಿನಲ್ಲೇ ಅಂಕ ಹಾಕುತ್ತಾರೆ. ಪರೀಕ್ಷಕ ಮರಿಗಳಿಗೆ ಅಪರಿಚಿತನಾಗಿರಬೇಕೆಂಬ ನಿಯಮವನ್ನಂತೂ ವ್ರತದಂತೆ ಪಾಲಿಸುತ್ತಾರೆ. "ಒಂದ್ಸಲ ಎತ್ಕೊಳ್ಳಿ ಅಂಕಲ್" ಎಂದು ಅಲ್ಲಿನ ಪಶುವೈದ್ಯೆ ಧಾರಿಣಿ ಕರೆದರೆ, "ಬೇಡಮ್ಮ, ಗುರುತು ಹತ್ತಿದ್ರೆ ಪರೀಕ್ಷೆ ಕೆಡುತ್ತೆ" ಎಂದು ಕೈ ಹಿಂದೆ ಕಟ್ಟಿಕೊಳ್ಳುತ್ತಾರೆ. ಹೀಗೆ ಆರು ವರ್ಷದಲ್ಲಿ ನಾನೂರು ಮರಿಗಳಿಗೆ ಅವರು ಯಾರೋ ಆಗಿಯೇ ಉಳಿದರು. ಮೊನ್ನೆ ಒಂದು ಕಂದು ಮರಿ ಪರೀಕ್ಷೆಗೆಂದು ಎಸೆದ ಚೆಂಡಿನ ಹಿಂದೆ ಓಡದೆ ಅವರ ಬೂಟಿನ ಮೇಲೆ ತಲೆಯಿಟ್ಟು ಮಲಗಿತು. ಎಬ್ಬಿಸಿ ಕಳಿಸಿದರೆ ಮೂರು ಸಲವೂ ಮರಳಿ ಬಂತು. "ಅಚ್ಛಾ, ಇದು ಫೇಲ್. ತಾಯಿ ಥರಾನೇ, ಜನರನ್ನ ಬಿಟ್ಟಿರಲ್ಲ. ಯಾವುದಾದ್ರೂ ತುಂಬಿದ ಮನೆಗೆ ಕೊಟ್ಟುಬಿಡೋಣ" ಎಂದಳು ಧಾರಿಣಿ. ಮೊಣ್ಣಪ್ಪ ಅನುತ್ತೀರ್ಣವೆಂದು ಬರೆದು ಸಹಿ ಹಾಕಿದರು. ಕಾಲನ್ನು ಮಾತ್ರ ಕದಲಿಸಲಿಲ್ಲ. ತಲೆಯೆತ್ತದೆಯೇ ಕೇಳಿದರು: "ಒಬ್ಬನೇ ಇರೋ ಮನೆಗೆ ಕೊಡಲ್ವೇನಮ್ಮ?"