ಗ್ಯಾಲರಿಯ ಕೊನೆಯ ಮೆಟ್ಟಿಲಲ್ಲಿ ಕೂತವನು

ದುಬೈಯ ಒಂದು ಕಾಲೇಜಿನಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಫುಟ್‌ಬಾಲ್ ಕೋಚ್. ಅಂತರ್‌ಕಾಲೇಜು ಪಂದ್ಯಾವಳಿಯ ಕಪ್ಪನ್ನು ನನ್ನ ಹುಡುಗರು ಆರು ಸಲ ತಂದಿದ್ದಾರೆ. ಕಾಲೇಜಿನ ಬಾಗಿಲು ದಾಟಿದ ಕೂಡಲೇ ಎಡಕ್ಕೆ ಗಾಜಿನ ಕಪಾಟಿನಲ್ಲಿ ಅವು ಸಾಲಾಗಿ ನಿಂತಿವೆ. ಹೊಸಬರು ಯಾರೇ ಬಂದರೂ ಕ್ರೀಡಾ ವಿಭಾಗದ ಮುಖ್ಯಸ್ಥ ನನ್ನನ್ನು ಕರೆದು ಆ ಕಪಾಟಿನ ಮುಂದೆ ನಿಲ್ಲಿಸುತ್ತಾನೆ. ಅವನು ಈಜಿಪ್ಟಿನವನು, ಒಳ್ಳೆಯವನು. "ಹಾಫ್‌ಟೈಮ್ ಆದ ಮೇಲೆ ಈ ಮನುಷ್ಯ ಬೇರೆಯೇ ಟೀಮನ್ನು ಮೈದಾನಕ್ಕೆ ಕಳಿಸುತ್ತಾನೆ" ಎನ್ನುತ್ತಾನೆ. ನಾನು ನಗುತ್ತೇನೆ. ಆ ಕಪ್ಪುಗಳಲ್ಲಿ ಐದು ನನ್ನವಲ್ಲ ಎಂದು ಅಲ್ಲಿ ನಿಂತು ಯಾವತ್ತೂ ಹೇಳಲಿಲ್ಲ.

ನಾನು ಈ ಊರಿಗೆ ಬಂದ ಹೊಸದರಲ್ಲಿ ನೈಫ್‌ನ ಒಂದು ಹಳೆಯ ಕಟ್ಟಡದಲ್ಲಿ ಆರು ಜನರ ರೂಮಿನಲ್ಲಿದ್ದೆ. ಕೆಳಗೆ ಸೂಟ್‌ಕೇಸ್ ಅಂಗಡಿ. ನನ್ನ ಮೇಲಿನ ಮಂಚದಲ್ಲಿ ಮಲಗುತ್ತಿದ್ದವನು ಸುರತ್ಕಲ್ ಕಡೆಯವನು. ನಾನು ಉಳ್ಳಾಲದ ಹತ್ತಿರದವನು. ನಮ್ಮಿಬ್ಬರ ನಡುವೆ ತುಳುವೇ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ. ಅವನು ಅಲ್ ಕೂಜ್‌ನಲ್ಲಿ ಟೈಲ್ಸ್ ಗೋಡೌನಿನ ಸ್ಟೋರ್ ಕೀಪರ್, ನಾನು ಒಂದು ಶಾಲೆಯಲ್ಲಿ ಪಿ.ಟಿ. ಮಾಸ್ತರ. ಶುಕ್ರವಾರ ಬೆಳಿಗ್ಗೆ ಗೋಡೌನಿನ ಹಿಂದಿನ ಮರಳು ಜಾಗದಲ್ಲಿ ಇಟ್ಟಿಗೆ ಇಟ್ಟು ಗೋಲು ಮಾಡಿ ಆಡುತ್ತಿದ್ದೆವು. ಓಡುವುದರಲ್ಲಿ ನಾನು ಅವನಿಗಿಂತ ಮುಂದು. ಆದರೆ ಆಟ ಅವನಿಗೆ ಕಾಣುವಷ್ಟು ನನಗೆ ಕಾಣುತ್ತಿರಲಿಲ್ಲ. ಯಾರು ಸುಸ್ತಾಗಿದ್ದಾನೆ, ಯಾರು ಹೆದರಿದ್ದಾನೆ, ಯಾರಿಗೆ ಯಾವ ಕಾಲು ನೋಯುತ್ತಿದೆ ಎಂದು ಐದು ನಿಮಿಷದಲ್ಲಿ ಹೇಳುತ್ತಿದ್ದ.

ಕಾಲೇಜಿನ ಕೆಲಸ ನನಗೆ ಸಿಕ್ಕಿದ್ದು ನನ್ನ ಹತ್ತಿರ ದೈಹಿಕ ಶಿಕ್ಷಣದ ಡಿಗ್ರಿ ಇದ್ದ ಕಾರಣಕ್ಕೆ. ಅವನ ಓದು ಪಿಯುಸಿಗೆ ನಿಂತಿತ್ತು. ಮೊದಲ ವರ್ಷ ನನ್ನ ಟೀಮು ಸಾಲಾಗಿ ನಾಲ್ಕು ಪಂದ್ಯ ಸೋತಿತು. ಐದನೆಯದಕ್ಕೆ ಅವನನ್ನು ಕರೆದೆ. ಅವನು ಗ್ಯಾಲರಿಯ ಕೊನೆಯ ಮೆಟ್ಟಿಲಿಗೆ ಹೋಗಿ ಒಬ್ಬನೇ ಕೂತ. ಹಾಫ್‌ಟೈಮಿಗೆ ನಾವು ಎರಡು ಗೋಲು ಹಿಂದಿದ್ದೆವು. ನೀರಿನ ಕ್ಯಾನಿನ ಹತ್ತಿರ ನಿಂತಾಗ ನನ್ನ ಫೋನಿಗೆ ಅವನ ಮೆಸೇಜ್ ಬಂತು. "ಅವರ ಎಡಗಡೆಯ ಬ್ಯಾಕ್ ಖಾಲಿ ಆಗಿದ್ದಾನೆ. ಚೆಂಡು ದೂರ ಹೋದ ಕೂಡಲೇ ಮೊಣಕಾಲು ಹಿಡ್ಕೊಂಡು ನಿಲ್ತಾನೆ. ನಿನ್ನ ಗಿಡ್ಡನನ್ನು ಆ ಕಡೆಗೆ ಹಾಕು."

ಹಾಕಿದೆ. ಮೂರು ಗೋಲು ಬಂತು. ಹುಡುಗರು ನನ್ನನ್ನು ನೋಡಿದ ರೀತಿಯೇ ಅಂದಿನಿಂದ ಬೇರೆಯಾಯಿತು.

ಆಮೇಲೆ ಇದೇ ರೂಢಿಯಾಯಿತು. ಅವನು ಬರುತ್ತಿದ್ದ, ಮೇಲೆ ಕೂರುತ್ತಿದ್ದ, ನಾನು ಹಾಫ್‌ಟೈಮಿನಲ್ಲಿ ಒಂದು ನಿಮಿಷ ದೂರ ಸರಿದು ಫೋನು ನೋಡಿ ಬಂದು ಮಾತಾಡುತ್ತಿದ್ದೆ. ವಾರದ ರಜೆ ಶುಕ್ರವಾರದಿಂದ ಭಾನುವಾರಕ್ಕೆ ಹೋದ ಮೇಲೆ ಪಂದ್ಯಗಳು ಶನಿವಾರಕ್ಕೆ ಬಂದವು, ಶನಿವಾರ ಗೋಡೌನಿನಲ್ಲಿ ಕೆಲಸವಿದ್ದ ಅವನಿಗೆ ಕಷ್ಟವಾಯಿತು. ಆದರೂ ಸೂಪರ್‌ವೈಸರನ ಹತ್ತಿರ ಕೇಳಿಕೊಂಡು, ಮೈಮೇಲಿನ ಟೈಲ್ಸಿನ ಧೂಳನ್ನೂ ಕೊಡವದೆ ಬರುತ್ತಿದ್ದ. ಅವನಿಗೆ ಅದರಲ್ಲಿ ಏನು ಸಿಗುತ್ತಿತ್ತೋ ನಾನು ಕೇಳಲಿಲ್ಲ. ಪಂದ್ಯ ಮುಗಿದ ಮೇಲೆ ಇಬ್ಬರೂ ಕರಾಮದ ಒಂದು ಹೋಟೆಲಿನಲ್ಲಿ ಚಾ ಕುಡಿದು ಬೇರೆಯಾಗುತ್ತಿದ್ದೆವು.

ಮೂರನೇ ಕಪ್ಪು ಬಂದ ವರ್ಷ ಕಾಲೇಜಿನ ಪತ್ರಿಕೆಯವರು ನನ್ನ ಸಂದರ್ಶನ ಮಾಡಿದರು. ಹಾಫ್‌ಟೈಮಿನ ಬದಲಾವಣೆಗಳು ಹೇಗೆ ಹೊಳೆಯುತ್ತವೆ ಎಂದು ಕೇಳಿದ ಹುಡುಗಿಗೆ "ಅನುಭವ" ಎಂದೆ. ಪತ್ರಿಕೆಯನ್ನು ಅವನಿಗೆ ನಾನೇ ಕೊಟ್ಟೆ. ಅವನು ನಿಧಾನ ಓದಿ ಮಡಚಿದ.

"ಫೋಟೋ ಚಂದ ಬಂದಿದೆ" ಎಂದ.

ಎರಡು ವರ್ಷದ ಹಿಂದೆ ಅವನ ಕಂಪನಿ ಮುಚ್ಚುವ ಸುದ್ದಿ ಬಂತು. ಒಂದು ಭಾನುವಾರ ಊದ್ ಮೇಥಾದ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ನನ್ನ ಹೆಂಡತಿ ಮೈಸೂರಿನವಳು. ಅವಳು ಮಾಡುವ ಬಸ್ಸಾರು ಅವನಿಗೆ ಇಷ್ಟ. ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಾ ಅವನು ಕೇಳಿದ.

"ನಿಮ್ಮ ಕಾಲೇಜಿನಲ್ಲಿ ಅಸಿಸ್ಟೆಂಟ್ ಕೋಚ್ ಬೇಕು ಅಂತ ಹೇಳಿದ್ದಿಯಲ್ಲ. ನನ್ನ ವೀಸಾ ಮುಂದಿನ ತಿಂಗಳು ಕ್ಯಾನ್ಸಲ್ ಆಗ್ತದೆ. ಒಂದು ಮಾತು ಕೇಳಿ ನೋಡ್ತೀಯಾ?"

ಹನ್ನೆರಡು ವರ್ಷದಲ್ಲಿ ಅವನು ನನ್ನಲ್ಲಿ ಕೇಳಿದ್ದು ಅದೊಂದೇ.

"ಕೇಳ್ತೇನೆ ಮಾರಾಯ" ಎಂದೆ.

ಮರುದಿನ ಮುಖ್ಯಸ್ಥನ ಕೋಣೆಗೆ ಹೋದೆ. ಅವನೇ ವಿಷಯ ಎತ್ತಿದ. "ಅಸಿಸ್ಟೆಂಟ್ ಕೊಡುತ್ತೇನೆ. ಕೋಚಿಂಗ್ ಲೈಸೆನ್ಸ್ ಇರುವವರು ಬೇಕು ಅಂತ ನಿಯಮ. ನಿನ್ನ ಮನಸ್ಸಿನಲ್ಲಿ ಯಾರಾದರೂ ಇದ್ದಾರಾ?"

ಅವನ ಮೇಜಿನ ಮೇಲೆ ಖರ್ಜೂರದ ತಟ್ಟೆ ಇತ್ತು. ನಾನು ಒಂದು ತೆಗೆದುಕೊಂಡೆ. "ಯಾರೂ ಇಲ್ಲ. ನೀವೇ ಯಾರನ್ನಾದರೂ ನೋಡಿ" ಎಂದೆ.

ಯಾಕೆ ಹಾಗೆಂದೆ ಎಂದು ನನಗೆ ಗೊತ್ತು. ಅವನು ಗ್ಯಾಲರಿಯಿಂದ ಇಳಿದು ಮೈದಾನದಲ್ಲಿ ನಿಂತರೆ ಒಂದೇ ವಾರದಲ್ಲಿ ಹುಡುಗರಿಗೆ ಟೀಮು ಯಾರದೆಂದು ತಿಳಿಯುತ್ತಿತ್ತು. ಇಷ್ಟನ್ನು ಆ ಕೋಣೆಯಲ್ಲಿ ಕೂತು ಯೋಚಿಸಿದೆನೆಂದೂ ಅಲ್ಲ. ಬಾಯಿ ತಾನಾಗಿ ಹೇಳಿತು. ಖರ್ಜೂರದ ಬೀಜವನ್ನು ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದು ಅವನಿಗೆ ಫೋನು ಮಾಡಿದೆ. ಲೈಸೆನ್ಸ್ ಇಲ್ಲದೆ ಆಗುವುದಿಲ್ಲವಂತೆ, ತುಂಬ ಕೇಳಿ ನೋಡಿದೆ, ಖಲಾಸ್ ಅಂದುಬಿಟ್ಟ ಎಂದೆ. ಅವನು "ಅದೂ ಹೌದು" ಎಂದ.

ಅವನನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟವನೂ ನಾನೇ. ಎರಡು ರಟ್ಟಿನ ಪೆಟ್ಟಿಗೆ, ಹಗ್ಗ ಬಿಗಿದು, ಮೇಲೆ ಮಾರ್ಕರಿನಲ್ಲಿ ಹೆಸರು ಬರೆದಿದ್ದ. ಟ್ರಾಲಿ ತಳ್ಳಿಕೊಂಡು ಒಳಗೆ ಹೋದ. ದುಃಖವಾಗಬಹುದೆಂದು ನಿಂತುಕೊಂಡೆ. ಆಗಲಿಲ್ಲ. ಪಾರ್ಕಿಂಗಿನ ಸಮಯ ಮುಗಿಯುತ್ತಿತ್ತು, ಹೊರಟೆ.

ಆ ವರ್ಷ ಸೋಲುತ್ತೇನೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಸೋಲಿಗೆ ಕಾಯುತ್ತಿದ್ದೆ. ಮೊದಲ ಪಂದ್ಯದ ಹಾಫ್‌ಟೈಮಿನಲ್ಲಿ ರೂಢಿಯಂತೆ ನೀರಿನ ಕ್ಯಾನಿನ ಹತ್ತಿರ ಹೋಗಿ ಫೋನು ತೆಗೆದೆ. ಬ್ಯಾಂಕಿನ ಒಂದು ಜಾಹೀರಾತು ಬಂದಿತ್ತು. ಹುಡುಗರು ಕಾಯುತ್ತಿದ್ದರು. ಬಂದು ಏನೋ ಹೇಳಿದೆ, ಇಬ್ಬರನ್ನು ಬದಲಿಸಿದೆ. ಗೆದ್ದೆವು. ಮುಂದಿನದನ್ನೂ ಗೆದ್ದೆವು. ಅಷ್ಟು ವರ್ಷ ಅವನ ಮಾತನ್ನು ಓದಿ ಹೇಳಿದ್ದರಿಂದ ನನಗೂ ನೋಡಲು ಬಂದಿತ್ತೇನೋ. ಅಥವಾ ಆ ಹುಡುಗರೇ ಅಷ್ಟು ಒಳ್ಳೆಯವರಿದ್ದರೇನೋ. ಇವತ್ತಿಗೂ ನನಗೆ ಗೊತ್ತಿಲ್ಲ.

ಫೈನಲ್ ಅಬುಧಾಬಿಯಲ್ಲಿತ್ತು. ಒಂದು ಗೋಲಿನಿಂದ ಗೆದ್ದೆವು. ಹುಡುಗರು ನನ್ನನ್ನು ಎತ್ತಿದರು, ಐಸ್ ಹಾಕಿದ ನೀರನ್ನು ತಲೆಯ ಮೇಲೆ ಸುರಿದರು. ನೀರು ತಣ್ಣಗಿದೆ ಎಂದಷ್ಟೇ ಗೊತ್ತಾಯಿತು. ಮುಖ್ಯಸ್ಥ ಅಪ್ಪಿಕೊಂಡು ಕಿವಿಯಲ್ಲಿ ಏನೇನೋ ಹೇಳುತ್ತಿದ್ದ. ನಾನು ಅವನ ಭುಜದ ಮೇಲಿಂದ ಗ್ಯಾಲರಿಯಲ್ಲಿ ಬಾವುಟ ಸುತ್ತುತ್ತಿದ್ದವರನ್ನು ನೋಡುತ್ತಾ ನಿಂತಿದ್ದೆ.

ಮನೆಗೆ ಬಂದಾಗ ಮಗಳು ಮೊಬೈಲಿನಿಂದ ತಲೆ ಎತ್ತಿ "ಡ್ಯಾಡ್, ಕಂಗ್ರಾಟ್ಸ್" ಎಂದಳು. ಹೆಂಡತಿ ಕೇಸರಿಬಾತ್ ಮಾಡಿಟ್ಟಿದ್ದಳು. ನಾನು ತಿನ್ನುವುದನ್ನೇ ನೋಡುತ್ತಾ ಕೂತಳು.

"ಏನಾಯ್ತು ನಿಮ್ಗೆ? ಗೆದ್ದಿದೀರ ತಾನೆ?"

"ಗೆದ್ದಿದೀವಿ."

"ಸಕ್ಕರೆ ಜಾಸ್ತಿ ಆಗಿದ್ಯಾ?"

"ಸರಿಯಾಗಿದೆ" ಎಂದೆ. ಸಿಹಿ ಇದೆಯೋ ಇಲ್ಲವೋ ನಾನು ಗಮನಿಸಿರಲಿಲ್ಲ.

ಆ ತಿಂಗಳುಗಳು ಹೀಗೇ ಹೋದವು. ಯಾರ ಮೇಲೂ ಕೋಪವಿಲ್ಲ, ನಿದ್ದೆಗೂ ತೊಂದರೆ ಇಲ್ಲ. ತಪ್ಪು ಮಾಡಿದವನಿಗೆ ಎದೆಯಲ್ಲಿ ಚುಚ್ಚುತ್ತದೆ ಎನ್ನುತ್ತಾರೆ. ನನಗೆ ಚುಚ್ಚಲಿಲ್ಲ. ಕಾಲು ಜೋಮು ಹಿಡಿದಾಗ ಕೈಯಿಂದ ಹೊಡೆದು ನೋಡುತ್ತೇವಲ್ಲ, ಹಾಗೆ ಆಗಾಗ ಅವನನ್ನು ನೆನೆದು ನೋಡುತ್ತಿದ್ದೆ.

ಕಳೆದ ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ ಅವನ ಮನೆಗೆ ಹೋದೆ. ಅವನೀಗ ಹೆದ್ದಾರಿ ಬದಿಯ ಒಂದು ಟೈಲ್ಸ್ ಅಂಗಡಿಯಲ್ಲಿ ಸ್ಟಾಕ್ ನೋಡಿಕೊಳ್ಳುತ್ತಾನೆ. ಸ್ವಲ್ಪ ದಪ್ಪಗಾಗಿದ್ದ. ಅವನ ಹೆಂಡತಿ ಚಾ, ನೀರುಳ್ಳಿ ಬಜೆ ತಂದಿಟ್ಟು ಒಳಗೆ ಹೋದರು. ನಾನು ಪೀಠಿಕೆ ಹಾಕಲಿಲ್ಲ.

"ಅವತ್ತು ನಾನು ನಿನ್ನ ಹೆಸರು ಹೇಳಲೇ ಇಲ್ಲ. ಯಾರಾದ್ರೂ ಇದ್ದಾರಾ ಅಂತ ಅವನೇ ಕೇಳಿದ. ಇಲ್ಲ ಅಂದೆ."

"ಗೊತ್ತುಂಟು" ಎಂದ.

"ಹೇಗೆ?"

"ಫೋನಿನಲ್ಲಿ ನೀನು ಕನ್ನಡದಲ್ಲಿ ಮಾತಾಡಿದೆ. ನಾವು ಯಾವತ್ತು ಕನ್ನಡ ಮಾತಾಡಿದ್ದು ಮಾರಾಯ?"

ನನಗೆ ಅದು ನೆನಪೇ ಇರಲಿಲ್ಲ. ಯಾವ ಭಾಷೆಯಲ್ಲಿ ಸುಳ್ಳು ಹೇಳಿದೆನೆಂದು ಅವನಿಗೆ ನೆನಪಿತ್ತು.

"ಬೇಜಾರಾಯ್ತಾ?"

"ಆಗದೆ ಉಂಟಾ? ಒಂದು ವರ್ಷ ನಿನ್ನ ಮ್ಯಾಚಿನ ವೀಡಿಯೋ ನೋಡ್ಲಿಲ್ಲ. ಮತ್ತೆ ಅಬುಧಾಬಿಯದ್ದು ಯಾರೋ ಕಳಿಸಿದ್ರು, ನೋಡಿದೆ." ಅವನು ಒಂದು ಬಜೆ ಮುರಿದ. "ನಿನ್ನ ಎಂಟನೇ ನಂಬರಿನವನನ್ನು ಹತ್ತು ನಿಮಿಷ ಮೊದಲೇ ತೆಗೀಬೇಕಿತ್ತು. ಅವನಿಗೆ ಸ್ನಾಯು ಎಳೆದಿತ್ತು. ನೀನು ನೋಡ್ಲಿಲ್ಲ."

"ನೋಡಲಿಲ್ಲ" ಎಂದು ಒಪ್ಪಿಕೊಂಡೆ.

ಆಮೇಲೆ ಅವನು ಅಂಗಡಿಗೆ ಹೋಗುವ ಹೊತ್ತಾಯಿತು. ಸ್ಕೂಟರಿನಲ್ಲಿ ನನ್ನನ್ನು ಬಸ್ ನಿಲ್ದಾಣದವರೆಗೆ ಬಿಟ್ಟ. ಕ್ಷಮಿಸು ಎಂದು ನಾನು ಹೇಳಲಿಲ್ಲ, ಅವನೂ ಪರವಾಗಿಲ್ಲ ಎನ್ನಲಿಲ್ಲ. ಮತ್ತೆ ಬಂದಾಗ ಬಾ ಎಂದ.

ದುಬೈಗೆ ಮರಳಿದ ವಾರ ನನ್ನ ಕರಾರನ್ನು ಇನ್ನೆರಡು ವರ್ಷ ಮುಂದುವರಿಸುವ ಕಾಗದಕ್ಕೆ ಸಹಿ ಹಾಕಲು ಮುಖ್ಯಸ್ಥನ ಕೋಣೆಗೆ ಹೋದೆ. ಸಹಿ ಹಾಕಿ ಪೆನ್ನು ಕೊಡುವಾಗ ಎಲ್ಲವನ್ನೂ ಹೇಳಿದೆ. ಹಾಫ್‌ಟೈಮಿನ ಮೆಸೇಜುಗಳು, ಐದು ಕಪ್ಪುಗಳು, ಅವನು ಕೇಳಿದ ಕೆಲಸ, ಎಲ್ಲ. ಕರಾರನ್ನು ಹರಿದು ಹಾಕಬಹುದೆಂದು ಒಂದು ಆಸೆಯೂ ಇತ್ತು.

ಅವನು ಕನ್ನಡಕ ತೆಗೆದು ಕೇಳಿಸಿಕೊಂಡ. ಸಿಟ್ಟಾಗಲಿಲ್ಲ.

"ಲೈಸೆನ್ಸ್ ದೊಡ್ಡ ವಿಷಯವಲ್ಲ ಹಬೀಬಿ" ಎಂದ. "ಆಗ ಹೇಳಿದ್ದರೆ ಒಂದು ಪತ್ರ ಬರೆದು ತರಬೇತಿಗೆ ಕಳಿಸುತ್ತಿದ್ದೆ. ಈಗ ಅಸಿಸ್ಟೆಂಟ್ ಆಗಿ ಹುಡುಗ ಒಬ್ಬ ಇದ್ದಾನಲ್ಲ, ಚೆನ್ನಾಗಿಯೇ ಮಾಡುತ್ತಿದ್ದಾನೆ."

"ಹೌದು" ಎಂದೆ.

"ಯಲ್ಲಾ, ಹೊರಡು, ಪ್ರಾಕ್ಟೀಸಿಗೆ ಹೊತ್ತಾಯಿತು."

ಹೊರಗೆ ಇನ್ನೂ ಸೆಕೆ ಇಳಿದಿರಲಿಲ್ಲ. ಈ ವರ್ಷ ಹೊಸದಾಗಿ ಸೇರಿದ ಹುಡುಗರು ಇಪ್ಪತ್ತು ಮಂದಿ ಬೂಟಿನ ಲೇಸು ಕಟ್ಟುತ್ತಾ ಹುಲ್ಲಿನ ಮೇಲೆ ಕೂತಿದ್ದರು. ನಾನು ಅವರ ಹೆಸರು ಕೇಳಿ ಬರೆದುಕೊಂಡೆ, ಮೈದಾನಕ್ಕೆ ಎರಡು ಸುತ್ತು ಓಡಲು ಹೇಳಿದೆ. ಅವರು ಓಡಿದರು.