ಭಾವನ ವಿಮಾನ, ನಮ್ಮ ಮನೆಯ ಒಲೆ

ಗೆಳೆಯರೇ, ಇವತ್ತು ನಮ್ಮ ಮನೆಯಲ್ಲಿ ಮಧ್ಯಾಹ್ನದ ಮುದ್ದೆ ಸಿಕ್ಕಿದ್ದು ಪಂಚಾಯ್ತಿ ನಡೆದ ಮೇಲೆ.

ಅಕ್ಕನ ಗಂಡ ಫಿಟ್ಟರ್ ಕೆಲಸಕ್ಕೆಂದು ಬೊಂಬಾಯಿಯಿಂದ ದುಬೈಗೆ ಹೊರಟ ದಿನ ಇದು. ವಿಮಾನ ಹನ್ನೊಂದಕ್ಕೆ. ಅಮ್ಮ ಒಲೆ ಹಚ್ಚಲೇ ಇಲ್ಲ. ಅಪ್ಪ ಚಾಂಪಿಯನ್ ರೀಫ್ಸ್ ಗಣಿಗೆ ಇಳಿದ ದಿನವೆಲ್ಲ ಹೀಗೇ. ಅವರು ಮೇಲೆ ಬರುವವರೆಗೆ ಮನೆಯಲ್ಲಿ ಬೆಂಕಿ ಕಾಣುವುದಿಲ್ಲ. ಇವತ್ತು ಅಪ್ಪನಿಗೆ ರಜೆ; ಆ ಕಾನೂನು ಭಾವನ ಪ್ರಯಾಣಕ್ಕೆ ಬಂದಿತ್ತು. ಆದರೆ ಬಸುರಿ ಅಕ್ಕ ಹಸಿದು ಗೋಡೆಗೆ ಒರಗಿದ್ದಳು.

"ದುಬೈಗೆ ಮೂರು ಗಂಟೆ ಸಾಕಂತಮ್ಮ," ಎಂದಳು ಅಕ್ಕ.

"ಎಷ್ಟು ದೂರ?"

"ಎರಡು ಸಾವಿರ ಕಿಲೋಮೀಟರ್ ಅತ್ರ."

"ಮಾರಿಕುಪ್ಪಂ ರೈಲು ಬಂಗಾರಪೇಟೆ ಮುಟ್ಟೋಕೇ ಮುಕ್ಕಾಲು ಗಂಟೆ ಬೇಕು. ದುಬೈಗೆ ಮೂರು ಗಂಟೆಯಂತೆ! ನಾಳೆ ತನಕ ಒಲೆ ಅಚ್ಚಲ್ಲ, ಓಗು."

ನನಗೊಂದು ಮಾತು ಹೊಳೆಯಿತು. ಅಮ್ಮನ ಎದುರು ಆಡಲು ಬಾಯಿ ಬರಲಿಲ್ಲ. ಅಪ್ಪನ ಕಿವಿಯಲ್ಲಿ ಉಸುರಿದೆ. ಅಪ್ಪ ನೆಟ್ಟಗೆ ಕೂತರು.

"ಲೇ ಇವ್ಳೇ, ಮನುಷ್ಯ ಮೇಲಿದ್ರೆ ಒಲೆ ಅಚ್ಚೋದು ತಾನೇ ನಿನ್ನ ಕಾನೂನು? ಅಳಿಯ ಅನ್ನೊಂದು ಗಂಟೆಯಿಂದ ಮೇಲೇ ಅವ್ನಲ್ಲೇ!"

ಅಮ್ಮ ಕತ್ತೆತ್ತಿ ಸೂರು ನೋಡಿದಳು. ಆಮೇಲೆ ಕಡ್ಡಿ ಗೀರಿದಳು. ಅಕ್ಕ ಎರಡು ಮುದ್ದೆ ತಿಂದಳು.

ಎರಡು ಗಂಟೆಗೆ ನಾನು ಇನ್ನೊಂದು ಮುದ್ದೆಗೆ ತಟ್ಟೆ ಒಡ್ಡಿದೆ. ಅಮ್ಮ ಗಡಿಯಾರ ನೋಡಿ ಪಾತ್ರೆಗೆ ಮುಚ್ಚಳ ಹಾಕಿದಳು.

"ಸುಮ್ಕಿರು. ಅಳಿಯಂದ್ರು ಈಗ ಕೆಳಗಿಳೀತಾ ಅವ್ರೆ."

ದುಬೈ ಇನ್ನೂ ಸ್ವಲ್ಪ ದೂರ ಇರಬಾರದಿತ್ತೇ, ಗೆಳೆಯರೇ?