ದೊಡ್ಡಮ್ಮ ಒಟ್ಟಾವಾ ಕಂಡದ್ದು

ದೊಡ್ಡಮ್ಮನ ಕಾಲುಗಳು, ಮೊಣಕಾಲಿನಿಂದ ಕೆಳಗೆ, ಅವರ ವಯಸ್ಸಿನವಾಗಿರಲಿಲ್ಲ. ಮುಖ ಸುಕ್ಕಾಗಿತ್ತು, ಅಂಗೈ ಒರಟಾಗಿತ್ತು, ಹಿಮ್ಮಡಿ ಬಿರುಕು ಬಿಟ್ಟಿತ್ತು. ಮೊಣಕಾಲಿಗೂ ಪಾದಕ್ಕೂ ನಡುವಿನ ಭಾಗ ಮಾತ್ರ ಎಣ್ಣೆ ಕುಡಿದು ಕುಡಿದು, ಹುಣಸೆಹಣ್ಣು ಹಾಕಿ ಉಜ್ಜಿಟ್ಟ ಹಿತ್ತಾಳೆ ಕೊಡದ ಹಾಗೆ ಮಿಂಚುತ್ತಿತ್ತು. ಚೆನ್ನೈನ ಅಣ್ಣಾ ನಗರದ ನಮ್ಮ ಕಟ್ಟಡದಲ್ಲಿ, ಅಕ್ಕಪಕ್ಕದ ಬೀದಿಗಳಲ್ಲಿ ಹುಟ್ಟಿದ ಕೂಸುಗಳೆಲ್ಲ ಆ ಕಾಲುಗಳ ಮೇಲೆ ಬೋರಲು ಮಲಗಿ, ಚೊಂಬುಗಟ್ಟಲೆ ಬಿಸಿನೀರು ಹೊಯ್ಯಿಸಿಕೊಂಡು, ಮೂರನೇ ಮಹಡಿಗೆ ಕೇಳುವ ಹಾಗೆ ಅತ್ತಿದ್ದವು.

ಅವರು ನಮ್ಮ ಸ್ವಂತ ದೊಡ್ಡಮ್ಮನಲ್ಲ, ಎದುರುಮನೆಯವರು. ಕುಂದಾಪುರದ ಕಡೆಯವರು. ಯಜಮಾನರು ಪುರಸೈವಾಕ್ಕಂನಲ್ಲಿ ಬಂಧುಗಳೊಬ್ಬರ ಸಸ್ಯಾಹಾರಿ ಹೋಟೆಲಿನ ಗಲ್ಲಾದ ಮೇಲೆ ಕೂರುತ್ತಿದ್ದರು. ನಾವು ಮೈಸೂರು ಕಡೆಯವರು, ಅಪ್ಪ ರೈಲ್ವೆಯಲ್ಲಿದ್ದರು. ನಾನು ಕಾಲೇಜಿನಲ್ಲೂ ತಂಗಿ ಶಾಲೆಯಲ್ಲೂ ಇದ್ದಾಗ ನಮ್ಮಮ್ಮ ತೀರಿಕೊಂಡರು. ಆಮೇಲೆ ನಮ್ಮ ಮನೆಯ ಹುಳಿ ಎದುರುಮನೆಯಲ್ಲೇ ಕುದಿಯಿತು. ಅಪ್ಪ ಸಂಕೋಚಪಟ್ಟುಕೊಂಡರೆ ದೊಡ್ಡಮ್ಮ, "ಪರವಾಯಿಲ್ಲೆ ಬಿಡಿ, ಒಂದು ಹಿಡಿ ಬೇಳೆ ಜಾಸ್ತಿ ಹಾಕೂಕೆ ನಂಗೆಂತ ಕಷ್ಟ?" ಎಂದು ಪಾತ್ರೆ ಇಟ್ಟು ಹೋಗುತ್ತಿದ್ದರು. ಅವರ ಮಾತಿನಲ್ಲಿ ಕುಂದಾಪುರವೂ ತಮಿಳೂ ಒಂದೇ ಪಾತ್ರೆಯಲ್ಲಿ ಬೇಯುತ್ತಿದ್ದವು.

ಅವರಿಗೆ ಮಕ್ಕಳಿರಲಿಲ್ಲ. ಬೇರೆಯವರು ಎತ್ತಿ ಆಡುವ ಮೊದಲೇ ಅವರೇ ಆಡಿಬಿಡುತ್ತಿದ್ದರು: "ನಾನ್ ಹೆತ್ತದ್ದಿಲ್ಲೆ. ಹಾಂಗಾಯಿ ಹೆತ್ತವರನ್ನ ಕಾಂಬುಕೆ ನಂಗೆ ಪುರುಸೊತ್ತು." ಕಾಣುವುದು ಎಂದರೆ ಅವರ ಕಡೆಯ ಮಾತಿನಲ್ಲಿ ನೋಡುವುದು. ನೋಡಿಕೊಳ್ಳುವುದಕ್ಕೂ ಅವರು ಅದೇ ಮಾತನ್ನು ಬಳಸುತ್ತಿದ್ದರು. ಬಾಣಂತನದಲ್ಲಿ ಮಾತ್ರ ಅವರದು ಮಿಲಿಟರಿ ಶಿಸ್ತು. ಕಿಟಕಿ ಮುಚ್ಚಿರಬೇಕು, ಬಾಣಂತಿಯ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಊಟಕ್ಕೆ ಮೆಣಸಿನ ಸಾರು. ಚೆನ್ನೈನ ಮೇ ತಿಂಗಳಲ್ಲಿ ಫ್ಯಾನ್ ಹಾಕಿಕೊಂಡ ಬಾಣಂತಿಯೊಬ್ಬಳನ್ನು ಅವರು ಬೈದ ಬೈಗುಳ ನಮ್ಮ ಕಟ್ಟಡದಲ್ಲಿ ಬಹಳ ಕಾಲ ಚಾಲ್ತಿಯಲ್ಲಿತ್ತು.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡಬೇಕು. ದೊಡ್ಡಮ್ಮನಿಗೆ ಊರು ಸುತ್ತುವುದೆಂದರೆ ಅಲರ್ಜಿ. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಕನ್ನಡದ ಕುಟುಂಬಗಳೆಲ್ಲ ಸೇರಿ ವ್ಯಾನ್ ಮಾಡಿಕೊಂಡು ಮಹಾಬಲಿಪುರಕ್ಕೆ ಹೋಗಿದ್ದೆವು. ನಾವೆಲ್ಲ ಶಿಲ್ಪ ನೋಡುತ್ತಿದ್ದರೆ ಅವರು ಮರದ ಕೆಳಗೆ ಚಪ್ಪಲಿ ರಾಶಿ ಮತ್ತು ಪುಳಿಯೋಗರೆ ಡಬ್ಬಿಗಳನ್ನು ಕಾಯುತ್ತಾ ಕೂತರು. "ನೀವ್ ಕಂಡ್ಕೊಂಡ್ ಬನ್ನಿ. ಕಲ್ಲು ಎಲ್ಲಿದ್ರೂ ಕಲ್ಲೇ ಅಲ್ದಾ?" ಎಂದರು. ಎಷ್ಟು ಎಳೆದರೂ ಏಳಲಿಲ್ಲ. ತಂಗಿ ಅವರ ಹೆಸರಿನಲ್ಲಿ ಚಪ್ಪಲಿಗಳಿಗೆ ನಮಸ್ಕಾರ ಮಾಡಿ ಎಲ್ಲರನ್ನೂ ನಗಿಸಿದಳು. ಆಗ ಅವಳು ಹಾಗಿದ್ದಳು, ಇದ್ದಲ್ಲಿ ನಗು ತರುವವಳು.

ತಂಗಿ ಮದುವೆಯಾಗಿ ಕೆನಡಾದ ಒಟ್ಟಾವಾಕ್ಕೆ ಹೋದಳು. ಅವಳ ಗಂಡ ಅಲ್ಲಿನ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಿದ್ದ. ಎರಡು ಸಾವಿರದ ಆಚೆಗೆ ಒಂದು ವರ್ಷ, ಡಿಸೆಂಬರ್ ಮೊದಲ ವಾರದಲ್ಲಿ ಹೆರಿಗೆ ಎಂದು ಫೋನು ಬಂತು. ಚೊಚ್ಚಲ ಬಾಣಂತನ ತವರಿನವರದು. ಅಮ್ಮನಿಲ್ಲದ ತವರು. ನಾನು ವಿಮಾ ಕಚೇರಿಯಲ್ಲಿ ಕೂಡಿಟ್ಟ ರಜೆಯನ್ನೆಲ್ಲ ಬರೆದುಕೊಟ್ಟು ಹೊರಡಲು ಸಿದ್ಧಳಾದೆ. ಆದರೆ ಮಗುವಿಗೆ ನೀರು ಹಾಕುವುದಿರಲಿ, ಎತ್ತಿಕೊಳ್ಳುವುದೂ ನನಗೆ ಬರುತ್ತಿರಲಿಲ್ಲ. ದೊಡ್ಡಮ್ಮನನ್ನು ಕೇಳಲು ಅಪ್ಪ ಮಾತು ಹುಡುಕುತ್ತಿರುವಾಗ ಅವರೇ ಬಾಗಿಲಲ್ಲಿ ನಿಂತು, "ಅಲ್ಲಿ ಸಾಂಬ್ರಾಣಿ ಸಿಕ್ಕತ್ತಾ?" ಎಂದು ಕೇಳಿದರು. ಪಕ್ಕದ ಅಂಬತ್ತೂರಿಗೆ ಒಬ್ಬರೇ ಬಸ್ ಹತ್ತದವರು! ನಾನು ಅಳುವುದಕ್ಕೇ ಶುರುಮಾಡಿದೆ.

ಅವರ ಪೆಟ್ಟಿಗೆಯಲ್ಲಿ ಸೀರೆಗಿಂತ ಹೆಚ್ಚಾಗಿ ಶುಂಠಿ, ಮೆಣಸು, ಎಣ್ಣೆ, ಸಾಂಬ್ರಾಣಿ ಮತ್ತು ಒಣಗಿದ ತೆಂಗಿನ ಚಿಪ್ಪುಗಳಿದ್ದವು. ಒಟ್ಟಾವಾ ವಿಮಾನ ನಿಲ್ದಾಣದ ಅಧಿಕಾರಿ ಒಂದು ಚಿಪ್ಪನ್ನು ಎತ್ತಿ ಹಿಂದೆ ಮುಂದೆ ನೋಡಿದ. ದೊಡ್ಡಮ್ಮ ಅವನಿಗೆ ತಮಿಳಿನಲ್ಲಿ ವಿವರಿಸಿದರು. ಕನ್ನಡ ಬಾರದವರೆಲ್ಲರಿಗೂ ತಮಿಳು ಬರುತ್ತದೆ ಎಂಬುದು ಅವರ ನಂಬಿಕೆ. ಅವನು ಬಿಟ್ಟುಬಿಟ್ಟ.

ಮಗು ಹುಟ್ಟಿತು. ಹೆಣ್ಣು, ಲಕ್ಷಣವಾಗಿತ್ತು. ಆದರೆ ತಂಗಿ ಅದರ ಕಡೆ ತಿರುಗಲಿಲ್ಲ. ಹಾಲು ಕುಡಿಸುವಾಗಲೂ ಗೋಡೆ ನೋಡುತ್ತಿದ್ದಳು. ಡಾಕ್ಟರು, ಹೆರಿಗೆಯಾದ ಮೇಲೆ ಕೆಲವರಿಗೆ ಹೀಗಾಗುತ್ತದೆ ಎಂದು ಮಾತ್ರೆ ಕೊಟ್ಟರು. ಒಂದು ಮಧ್ಯಾಹ್ನ ಅವಳು ನನ್ನನ್ನು ಕರೆದು ಸಾಮಾನು ಕಟ್ಟಿಕೊಡುವವಳಂತೆ ಹೇಳಿದಳು: "ಅಕ್ಕ, ನನ್ ಕೈಲಿ ಆಗಲ್ಲ. ಪೋರುಂ, ಸಾಕು. ನೀವು ವಾಪಸ್ ಹೋಗುವಾಗ ಇದನ್ನ ಚೆನ್ನೈಗೆ ಕರ್ಕೊಂಡ್ ಹೋಗ್ಬಿಡಿ." ಇದನ್ನ ಎಂದಳು, ಇವಳನ್ನ ಎನ್ನಲಿಲ್ಲ. ನಮ್ಮ ಟಿಕೆಟ್ ಇದ್ದದ್ದು ಜನವರಿ ಕೊನೆಗೆ. ಅವಳ ಗಂಡ ಪಾಪ, ಅಡುಗೆಮನೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ. ದೊಡ್ಡಮ್ಮ ಇನ್ನಷ್ಟು ಮೆಣಸಿನ ಸಾರು ಮಾಡಿದರು, ಕಿಟಕಿಯ ಪರದೆಗಳನ್ನು ಇನ್ನಷ್ಟು ಬಿಗಿಯಾಗಿ ಎಳೆದರು. ಅವರಿಗೆ ಗೊತ್ತಿದ್ದ ಮದ್ದು ಅದೇ.

ಮಗುವಿಗೆ ಮೊದಲ ದೊಡ್ಡ ಎಣ್ಣೆಸ್ನಾನ ಮಾಡಿಸಿದ ದಿನ ಆ ಘಟನೆ ನಡೆಯಿತು. ದೊಡ್ಡಮ್ಮ ಒಲೆಯ ಮೇಲೆ ಚಿಪ್ಪು ಕೆಂಪಗೆ ಕಾಯಿಸಿ, ಸಾಂಬ್ರಾಣಿ ಉದುರಿಸಿ, ಕೂಸಿನ ತಲೆಗೆ ಹೊಗೆ ಹಿಡಿದರು. ಪುರಸೈವಾಕ್ಕಂ ಸಾಂಬ್ರಾಣಿ ಹೊಗೆ ಚಾವಣಿಗೆ ಏರಿತು. ಅಲ್ಲಿ ಅಂಟಿಸಿದ್ದ, ಹೊಗೆ ಪತ್ತೆಹಚ್ಚುವ ಯಂತ್ರ ಕಿಟಾರನೆ ಕಿರುಚಿತು. ಅದರ ಹಿಂದೆಯೇ ಇಡೀ ಕಟ್ಟಡದ ಗಂಟೆ ಹೊಡೆದುಕೊಂಡು, ಜನರೆಲ್ಲ ಮೆಟ್ಟಿಲಿಳಿದು ಬೀದಿಗೆ ಬಂದರು. ನಾವೂ ಬಂದೆವು. ತಂಗಿಯ ಮೇಲೆ ಒಂದು ಕಂಬಳಿ, ದೊಡ್ಡಮ್ಮನ ತೋಳಿನಲ್ಲಿ ಮಗು. ಅಗ್ನಿಶಾಮಕದವರು ದೊಡ್ಡ ಬೂಟು ಹಾಕಿಕೊಂಡು ಒಳಗೆ ನುಗ್ಗಿದಾಗ ದೊಡ್ಡಮ್ಮ ಹಿಂದಿನಿಂದ, ಬಿಚ್ಚಿಟ್ಟು ಹೋಗಿ ಎಂದು ತಮಿಳಿನಲ್ಲಿ ಕೂಗಿದರು: "ಅಯ್ಯೋ, ಶೂ! ಶೂ ಕಳಟ್ಟಿಟ್ಟು ಪೋಂಗೋ!"

ನಾನು ನಾಚಿಕೆಯಿಂದ ಭೂಮಿಗಿಳಿದು ಹೋಗಿದ್ದೆ. ತಂಗಿಯ ಗಂಡ ಅಕ್ಕಪಕ್ಕದವರನ್ನೆಲ್ಲ ಕ್ಷಮೆ ಕೇಳುತ್ತಿದ್ದ. ಹಿಂದಿನ ದಿನ ಬಿದ್ದ ಹಿಮದ ಮೇಲೆ ಬಿಸಿಲು ಬಿದ್ದು ಬೀದಿಯೆಲ್ಲ ಕಣ್ಣು ಕುಕ್ಕುತ್ತಿತ್ತು. ತಂಗಿಯ ಕಿವಿಯಿಂದ ಹತ್ತಿ ಬಿದ್ದುಹೋಗಿತ್ತು. ಅವಳು ತಲೆಯೆತ್ತಿ ಒಂದು ದೊಡ್ಡ ಉಸಿರೆಳೆದುಕೊಂಡು, "ಎಷ್ಟೊಂದು ಬೆಳಕಿದೆ, ಅಲ್ವಾ?" ಎಂದಳು. ಯಾರಿಗೆ ಹೇಳಿದಳೋ ಗೊತ್ತಿಲ್ಲ. ಮಗುವನ್ನು ಕರೆದುಕೊಂಡು ಹೋಗಿ ಎಂದದ್ದು ಬಿಟ್ಟರೆ, ಹೆರಿಗೆಯಾದಾಗಿನಿಂದ ಅವಳು ತಾನಾಗಿ ಆಡಿದ ಮಾತು ಅದೊಂದೇ. ದೊಡ್ಡಮ್ಮ ಬೂಟುಗಳನ್ನು ಮರೆತು ಅವಳನ್ನೇ ನೋಡುತ್ತಾ ನಿಂತುಬಿಟ್ಟರು.

ಮರುದಿನ ಬೆಳಗ್ಗೆ ಕಾಫಿ ಲೋಟ ಕೆಳಗಿಟ್ಟು ಅವರು ಘೋಷಿಸಿದರು: "ಇಷ್ಟು ದೂರ ಬಂದ ಮೇಲೆ ನಂಗೆ ಈ ಊರು ಕಾಣ್ಕ್. ಪೂರಾ ಕಾಣ್ಕ್."

"ನಾನು ಕರ್ಕೊಂಡು ಹೋಗ್ತೀನಿ ದೊಡ್ಡಮ್ಮ," ಎಂದೆ.

"ನಿಂಗೆಂತ ಗೊತ್ತುಂಟು? ನೀನೂ ನಿನ್ನೆ ಮೊನ್ನೆ ಬಂದವಳು. ಅವಳು ತೋರಿಸ್ಲಿ."

ಬಾಣಂತಿಯನ್ನು ಈ ಚಳಿಯಲ್ಲಿ ಹೊರಗೆ ಕರೆದುಕೊಂಡು ಹೋಗುವುದೇ? ಅದೂ ಇವರು, ಫ್ಯಾನಿಗೆ ಬೈದವರು? ನನಗೆ ರೇಗಿತು. ಚಪ್ಪಲಿ ಕಾಯುತ್ತಾ ಕೂತವರಿಗೆ ಈಗೇಕೆ ಈ ಹುಚ್ಚು ಎಂದು ಗೊಣಗಿಕೊಂಡೆ. ಅವರು ಯಾರಿಗೂ ಕಿವಿಗೊಡದೆ ತಂಗಿಗೆ ಸ್ವೆಟರಿನ ಮೇಲೆ ಸ್ವೆಟರು ಹಾಕಿಸಿ, ತಾವು ಸೀರೆಯೊಳಗೆ ಅವಳ ಗಂಡನ ಪ್ಯಾಂಟು, ಮೇಲೆ ಅವನದೇ ಜಾಕೆಟ್ಟು, ತಲೆಗೆ ಮಂಕಿ ಕ್ಯಾಪು ಹಾಕಿಕೊಂಡು ಬಾಗಿಲಲ್ಲಿ ನಿಂತರು. ಮಗು ಅಪ್ಪನ ಬಳಿ ಉಳಿಯಿತು.

ಮೊದಲು ಪಾರ್ಲಿಮೆಂಟ್ ಗುಡ್ಡ. ಕ್ರಿಸ್‌ಮಸ್ ರಜೆಯ ದಿನಗಳು, ಸಂಜೆ ನಾಲ್ಕಕ್ಕೇ ಮಬ್ಬಾಗಿ ಮರಮರಕ್ಕೂ ದೀಪ ಹಚ್ಚಿದ್ದರು. ದೊಡ್ಡಮ್ಮ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಆ ಗೋಪುರದಲ್ಲಿ ಯಾರಿರುತ್ತಾರೆ? ಗಡಿಯಾರಕ್ಕೆ ಕೀ ಕೊಡುವವರು ಯಾರು? ಇಷ್ಟು ದೀಪಕ್ಕೆ ಕರೆಂಟು ಹೋಗುವುದಿಲ್ಲವೇ? ನಾನು ಬಾಯಿ ಹಾಕಿದರೆ, "ನಿನ್ನ ಕೇಳ್ಲಿಲ್ಲೆ," ಎಂದು ಸುಮ್ಮನಿರಿಸುತ್ತಿದ್ದರು. ತಂಗಿ ಮೊದಲು ಹೂಂ, ಊಹೂಂ ಎಂದಳು. ಆಮೇಲೆ ಬೇಸರದಿಂದಲಾದರೂ ಒಂದೊಂದು ವಾಕ್ಯ ಹೇಳಿದಳು.

ಹೊಸ ವರ್ಷ ಕಳೆದ ಮೇಲೆ ಒಂದು ದಿನ ನದಿ ದಾಟಿ ಗ್ಯಾಟಿನೋ ಬೆಟ್ಟಗಳಿಗೆ ಹೋದೆವು. ಹಿಮದ ಭಾರಕ್ಕೆ ಪೈನ್ ಮರಗಳು ಬಾಗಿ ನಿಂತಿದ್ದವು. ದೊಡ್ಡಮ್ಮ ಮೊಣಕಾಲುದ್ದ ಹೂತುಹೋದಾಗ ತಂಗಿಯೇ ಕೈಕೊಟ್ಟು ಎಳೆದಳು. ಎಳೆಯುತ್ತಾ ಎಳೆಯುತ್ತಾ ಅವಳಿಗೆ ನಗು ಬಂತು. ಇನ್ನೊಂದು ದಿನ ಹಿಮದ ಮೇಲೆ ಮೇಪಲ್ ಪಾಕ ಸುರಿದು ಕಡ್ಡಿಗೆ ಸುತ್ತಿಕೊಡುವ ಅಂಗಡಿ. ದೊಡ್ಡಮ್ಮ ಚೀಪಿ, "ಜೋನಿ ಬೆಲ್ಲದ್ದೇ ರುಚಿ, ಎಂತ ಮಹಾ?" ಎಂದು ತೀರ್ಪು ಕೊಟ್ಟರು. ತಂಗಿ ಕೆನಡಾದ ಪರವಾಗಿ ವಾದಕ್ಕಿಳಿದಳು.

ಮನೆಗೆ ಬಂದ ಮೇಲೆ ದೊಡ್ಡಮ್ಮನ ಹಿಮ್ಮಡಿಗಳನ್ನು ನಾನು ನೋಡಿದೆ. ಚಳಿಗೆ ಬಿರುಕು ಬಾಯಿಬಿಟ್ಟು ರಕ್ತ ಜಿನುಗುತ್ತಿತ್ತು. ತುಪ್ಪ ಹಚ್ಚುತ್ತಾ, "ನಾಳೆ ಎಲ್ಲೂ ಬೇಡ," ಎಂದೆ. ಅವರು ಕಾಲೆಳೆದುಕೊಂಡರು. "ಸುಮ್ನಿರು. ಅವಳಿಗೆ ಹೇಳ್ಬೇಡ. ನಾಳೆ ಅದೆಂತದೋ ಹೆಪ್ಪುಗಟ್ಟಿದ ಕಾಲುವೆ ಕಾಂಬುಕೆ ಹೋಪದು." ಆಗ ನನ್ನ ತಲೆಗೆ ಹೊಳೆಯಿತು. ನನ್ನ ಸಿಟ್ಟು ಅಲ್ಲಿಗೇ ಮುಗಿಯಿತು.

ಕಾಲುವೆಗೆ ಮಗುವೂ ಬಂತು, ದೊಡ್ಡಮ್ಮ ಹಟ ಮಾಡಿ ಕರೆತಂದರು. ಊರ ನಡುವೆ ಹರಿಯುವ ನೀರೆಲ್ಲ ಗಟ್ಟಿಯಾಗಿ, ಅದರ ಮೇಲೆ ಜನ ಕಾಲಿಗೆ ಕತ್ತಿಯಂಥದ್ದನ್ನು ಕಟ್ಟಿಕೊಂಡು ಸರ್ರನೆ ಜಾರುತ್ತಿದ್ದರು. ದಡದ ಮರದ ಮೆಟ್ಟಿಲಿಳಿದು ಅಂಚಿನಲ್ಲಿ ಕಾಲಿಟ್ಟೆವೋ ಇಲ್ಲವೋ, ದೊಡ್ಡಮ್ಮ ತೂರಾಡಿದರು. "ಅಯ್ಯಯ್ಯೋ, ಜಾರ್ತದೆ! ಹಿಡ್ಕೊ, ಮಗು ಹಿಡ್ಕೊ!" ಎಂದು ಕೂಸನ್ನು ತಂಗಿಯ ಎದೆಗೆ ಒತ್ತಿಬಿಟ್ಟರು. ಪಕ್ಕದಲ್ಲೇ ನಾನಿದ್ದೆ. ಅವಳ ಗಂಡನೂ ಇದ್ದ. ನಾನು ಕೈಚಾಚಿದೆ. ದೊಡ್ಡಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ಪಕ್ಕಕ್ಕೆ ಎಳೆದರು. ಜಾರುವವರ ಹಿಡಿತ ಅದಲ್ಲ.

ತಂಗಿ ಎರಡೂ ಕೈಯಿಂದ ಮಗುವನ್ನು ಬಿಗಿಯಾಗಿ ಅಪ್ಪಿಕೊಂಡಳು. ಬಿದ್ದೀತೆಂಬ ಭಯಕ್ಕೆ ಅಪ್ಪಿಕೊಂಡದ್ದು. ಭಯ ಕಳೆದ ಮೇಲೂ ಬಿಡಲಿಲ್ಲ. ಟೋಪಿಯ ಅಂಚನ್ನು ಸರಿಸಿ ಮುಖ ನೋಡಿದಳು. ಮಗು ಅಷ್ಟೊಂದು ಬೆಳಕಿಗೆ ಕಣ್ಣು ಕಿರಿದು ಮಾಡಿ, ಮೂಗು ಸೊಟ್ಟ ಮಾಡಿತು. ತಂಗಿ ಮೆಲ್ಲಗೆ ಶುರುಮಾಡಿದಳು: "ನೋಡು ಪುಟ್ಟಿ, ಇದು ಕಾಲುವೆ. ಬೇಸಿಗೇಲಿ ಇಲ್ಲಿ ದೋಣಿ ಓಡುತ್ತೆ. ನೀನು ದೊಡ್ಡವಳಾದ ಮೇಲೆ..." ಅಲ್ಲಿಗೇ ಗೊಳೋ ಎಂದು ಅತ್ತಳು. ಮಗುವನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಸಮಾಧಾನ ಮಾಡಲು ಹೊರಟ ಅವಳ ಗಂಡನನ್ನು ದೊಡ್ಡಮ್ಮ ಕಣ್ಣಿನಲ್ಲೇ ತಡೆದರು. ಆಮೇಲೆ ಆ ಮಂಜುಗಡ್ಡೆಯ ಮೇಲೆ ಒಂದು ಹೆಜ್ಜೆಯೂ ತಪ್ಪದೆ ನಡೆದು ಹೋಗಿ ಮೆಟ್ಟಿಲ ಮೇಲೆ ಕೂತರು.

ಎಲ್ಲ ಒಂದೇ ದಿನಕ್ಕೆ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಮಾತ್ರೆಗಳಿದ್ದವು, ಡಾಕ್ಟರಿದ್ದರು, ಅವರ ಪಾಲಿನ ಪುಣ್ಯ ಅವರಿಗೆ. ಆದರೆ ಜನವರಿ ಕೊನೆಯಲ್ಲಿ ನಮ್ಮನ್ನು ಕಳಿಸಲು ತಂಗಿ ವಿಮಾನ ನಿಲ್ದಾಣಕ್ಕೆ ಬಂದಾಗ ಮಗು ಅವಳ ಹೆಗಲ ಮೇಲಿತ್ತು. ಚೆನ್ನೈಗೆ ಕರೆದುಕೊಂಡು ಹೋಗಿ ಎಂಬ ಮಾತನ್ನು ಯಾರೂ ಎತ್ತಲಿಲ್ಲ. "ಇವಳಿಗೆ ಶೀತ ಆಗುತ್ತೆ, ನಾವು ಬೇಗ ಹೊರಡ್ತೀವಿ," ಎಂದು ಅವಳೇ ಮೊದಲು ತಿರುಗಿ ನಡೆದಳು. ದೊಡ್ಡಮ್ಮನಿಗೆ ಅಷ್ಟು ಸಂತೋಷವಾದದ್ದನ್ನು ನಾನು ನೋಡಿಯೇ ಇಲ್ಲ.

ಊರಿಗೆ ಬಂದ ಮೇಲೆ ಕಟ್ಟಡದವರೆಲ್ಲ ಕೆನಡಾ ಹೇಗಿತ್ತೆಂದು ಮುತ್ತಿಕೊಂಡರು. ದೊಡ್ಡಮ್ಮ, "ಚಂದ ಇತ್ತ್. ಬೆಳ್ಳಗಿತ್ತ್," ಎಂದು ಮುಗಿಸಿದರು. ನಾನು ಫೋಟೊಗಳನ್ನು ಮುಂದೆ ಹಿಡಿದು, ಇದು ಯಾವ ಜಾಗ ಹೇಳಿ ನೋಡೋಣ ಎಂದೆ. ಗೋಪುರವೂ ಗೊತ್ತಿಲ್ಲ, ಬೆಟ್ಟವೂ ಗೊತ್ತಿಲ್ಲ. "ಇಷ್ಟೆಲ್ಲ ಸುತ್ತಿ ಏನೂ ನೋಡಲೇ ಇಲ್ವಾ?" ಎಂದು ರೇಗಿಸಿದೆ. ಅವರು ಕಾಲು ನೀಡಿ ಎಣ್ಣೆ ಹಚ್ಚಿಕೊಳ್ಳುತ್ತಾ ಹೇಳಿದರು: "ನಾನ್ ಊರ್ ಎಲ್ಲಿ ಕಂಡೆ ಮಾರಾಯ್ತಿ? ಅವಳ ಮೋರೆ ಕಾಣ್ತಾ ಇದ್ದೆ."

ಮಗು ಶಾಲೆಗೆ ಹೋಗುವಷ್ಟಾದಾಗ, ಒಂದು ಮಾರ್ಗಳಿ ತಿಂಗಳಲ್ಲಿ, ನಮ್ಮ ಧನುರ್ಮಾಸದಲ್ಲಿ, ದೊಡ್ಡಮ್ಮ ಹೋಗಿಬಿಟ್ಟರು. ಅವರ ಯಜಮಾನರೂ ನಮ್ಮಪ್ಪನೂ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಬೆಳಗ್ಗೆ ಬಾಗಿಲಿಗೆ ರಂಗೋಲಿ ಹಾಕಿ ಬಂದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ತಂಗಿ ಮಗಳನ್ನು ಕರೆದುಕೊಂಡು ಓಡಿಬಂದಳು. ಕಾರ್ಯಗಳೆಲ್ಲ ಮುಗಿದವು. ನಾನು ಕಚೇರಿಗೆ ಹೋಗಲಿಲ್ಲ, ತಲೆ ಬಾಚಲಿಲ್ಲ, ಎದುರುಮನೆಯ ಬೀಗ ಕಾಣದಿರಲೆಂದು ನಮ್ಮ ಬಾಗಿಲನ್ನೂ ತೆರೆಯಲಿಲ್ಲ. ಅಮ್ಮ ಹೋದಾಗ ದೊಡ್ಡಮ್ಮ ಇದ್ದರು. ಈಗ ಯಾರೂ ಇಲ್ಲವೆಂದು ಅನ್ನಿಸಿಬಿಟ್ಟಿತ್ತು.

ಒಂದು ಬೆಳಗ್ಗೆ ತಂಗಿ ನನ್ನ ಚಪ್ಪಲಿಯನ್ನು ತಂದು ಮಂಚದ ಪಕ್ಕದಲ್ಲಿ ಇಟ್ಟಳು.

"ಅಕ್ಕ, ನಂಗೆ ಮೆರೀನಾ ನೋಡ್ಬೇಕು."

"ಹುಟ್ಟಿ ಬೆಳೆದ ಊರು, ಅಲ್ಲಿ ಏನಿದೆ ನೋಡೋಕೆ? ನೀವೇ ಆಟೋ ಹಿಡ್ಕೊಂಡು ಹೋಗಿ."

"ನಂಗೆಲ್ಲ ಮರೆತುಹೋಗಿದೆ. ನೀನೇ ತೋರಿಸ್ಬೇಕು."

ಹೋದೆವು. ಪುಟ್ಟಿ ಕನ್ನಡ ಅರ್ಥಮಾಡಿಕೊಂಡು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವ ಹುಡುಗಿ. ಈ ಸಮುದ್ರ ಯಾವಾಗ ಹೆಪ್ಪುಗಟ್ಟುತ್ತದೆ ಎಂದು ಕೇಳಿದಳು. ನನಗೆ ನಗು ಬಂದುಬಿಟ್ಟಿತು. ಇದು ಬಂಗಾಳಕೊಲ್ಲಿ ಕಣೇ, ಹೆಪ್ಪುಗಟ್ಟಲ್ಲ, ಅಗೋ ಅದು ಲೈಟ್‌ಹೌಸ್, ಆ ಕಡೆ ಹೋದರೆ ಹಾರ್ಬರ್, ಇಲ್ಲಿ ಸುಂಡಲ್, ಅದೇ ಕಡಲೆ ಉಸಲಿ, ಮಾರುತ್ತಾರೆ, ಎಂದು ಕೈ ತೋರಿಸುತ್ತಾ ಶುರುಮಾಡಿದವಳು ಬಹಳ ಹೊತ್ತು ನಿಲ್ಲಿಸಲೇ ಇಲ್ಲ. ಉಸಿರು ತೆಗೆದುಕೊಳ್ಳಲು ನಿಂತಾಗ ಪಕ್ಕಕ್ಕೆ ತಿರುಗಿದೆ.

ತಂಗಿ ಸಮುದ್ರದ ಕಡೆ ನೋಡುತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.